ಇನ್ನೂರು ಎಣಿಸುವವರೆಗೆ

ಜಸಿಂತಕ್ಕನ ಪಾರ್ಲರಿನ ಶಟರ್ ಅರ್ಧ ಎತ್ತಿತ್ತು,
ಬಗ್ಗಿ ಒಳಗೆ ಹೋದೆ. ಏಳು ಗಂಟೆ.
‘ಒಂಬತ್ತಕ್ಕೆ ಮದುಮಗಳು ಬರ್ತಾಳೆ,
ಅಷ್ಟರೊಳಗೆ ನಿನ್ನ ರಾಕ್ಷಸಿ ಎದ್ದು ಹೋಗಬೇಕು.’
ಮುಷ್ಟಿಯಲ್ಲಿ ನೂರರ ಒಂದೇ ನೋಟು,
ಅದರಲ್ಲಿ ಚಹಾದ ದುಡ್ಡೂ ಉಳಿಯಬೇಕು.

ಮೈದಾ ಕುದಿಸಿದ ಅಂಟು, ಬೇಕರಿಯ ಟಿಶ್ಯೂ ಪೇಪರು.
ಹರಿದು ಹರಿದು ಅಂಟಿಸಿ
ಫ್ಯಾನಿನ ಕೆಳಗೆ ಕೂರಿಸಿದಳು.
ಹಾಲು ಕೆನೆಗಟ್ಟುವ ಹಾಗೆ
ಕೆನ್ನೆ ಮೆಲ್ಲಗೆ ಬಿಗಿಯಿತು.
‘ನಗಬೇಡ, ಬಿರಿಯುತ್ತೆ.’
ನಕ್ಕೆ. ಬಿರಿಯಿತು.
ತಲೆ ವಾಲಿಸಿ ನೋಡಿದಳು: ‘ಇನ್ನೊಂಚೂರು ನಗು.’

ಬಣ್ಣ ಕೊಳ್ಳಲಿಲ್ಲ.
ರಿಪ್ಪನ್‌ಪೇಟೆಯಿಂದ ಅತ್ತೆ ಕಳಿಸಿದ್ದ ಅಡಿಕೆ ಚೊಗರು
ನೀರಿನ ಬಾಟಲಿಯ ತಳದಲ್ಲಿ ಗಟ್ಟಿಯಾಗಿತ್ತು.
‘ಇದು ವಾರ ಹೋಗಲ್ಲ. ನಾಳೆ ಕೆಲಸ ಉಂಟಾ?’
‘ಉಂಟು.’
‘ಎಲ್ಲಿ?’
‘ತಾಲ್ಲೂಕು ಕಚೇರಿ.’
‘ಹಾಗಾದರೆ ಅಡ್ಡಿಲ್ಲ’ ಎಂದು
ಎರಡನೇ ಕೈ ಬಳಿದಳು.

ಕಣ್ಣಿನ ಗುಳಿಗೆ ಕಾವಲಿ ತಳದ ಮಸಿ,
ಕೊಬ್ಬರಿ ಎಣ್ಣೆಯಲ್ಲಿ ತೇಯ್ದದ್ದು.
ಕೆಳತುಟಿಗೆ ಕುಂಬಳಬೀಜದ ಹಲ್ಲು,
ಎರಡು ಸೊಟ್ಟ, ಒಂದು ಆಗಲೇ ಬಿದ್ದುಹೋಗಿದೆ.
ನೆತ್ತಿಗೆ ಅಪ್ಪ ಬಾಸಿಂಗ ಕೊರೆದು ಉಳಿಸಿದ ಬೆಂಡು,
ಮದುವೆಗೆ ಸಾಲದೆ ಬಂದ ತುಂಡು
ಕೊಂಬಾಗಿ ನಿಂತಿತು, ಹತ್ತಿಯಷ್ಟು ಹಗುರ.
ರಕ್ತಕ್ಕೆ ಜೋನಿಬೆಲ್ಲ.
ಎರಡು ಚಿಟಿಕೆ ಕುಂಕುಮ ಕಲಸಿ
ಹಣೆಯಿಂದ ಬಿಟ್ಟಳು, ಅದು ಅವಸರವಿಲ್ಲದೆ ಇಳಿಯಿತು.

‘ಹದಿನೆಂಟು ವರ್ಷ ಕಲೆ ಮುಚ್ಚಿದ್ದೇ ಆಯ್ತು ಕಣೆ,’
ಎಂದಳು ಬೆರಳು ಒರೆಸಿಕೊಳ್ಳುತ್ತ,
‘ಕಲೆ ಮಾಡ್ತಿರೋದು ಇದೇ ಮೊದಲು.’

ಮದುಮಗಳು ಎಂಟೂವರೆಗೇ ಬಂದಳು.
ನಿದ್ದೆಗಣ್ಣು, ತಲೆಗೆ ಟವೆಲು.
ಪಕ್ಕದ ಕುರ್ಚಿಯಲ್ಲಿ ಕೂತು
ಕನ್ನಡಿಯೊಳಗೆ ನನ್ನನ್ನು ತುಂಬಾ ಹೊತ್ತು ನೋಡಿ ಕೇಳಿದಳು:
‘ಇವರದ್ದೂ ಇವತ್ತೇನಾ?’

ತೀರ್ಥಹಳ್ಳಿ ಬಸ್ಸು. ಸೀಟು ಖಾಲಿ ಇಲ್ಲ,
ನನ್ನ ಪಕ್ಕದ್ದೊಂದು ಬಿಟ್ಟು.
ಫ್ರೀ ಟಿಕೆಟ್ಟಿಗೆ ಆಧಾರ್ ಕೇಳಿದ ಕಂಡಕ್ಟರು
ಕಾರ್ಡು ನೋಡಿದರು, ಕೊಂಬು ನೋಡಿದರು.
‘ಸುಕನ್ಯಾ ಗುಡಿಗಾರ್?’
ಹೌದೆಂದು ತಲೆಯಾಡಿಸಿದೆ.
ಮಾತಾಡಿದರೆ ಹಲ್ಲು ಉದುರುತ್ತದೆ.
‘ಫೋಟೋದಲ್ಲೂ ಹೆಚ್ಚುಕಮ್ಮಿ ಹೀಗೇ ಇದೀರಿ ಬಿಡಿ’ ಎಂದು
ಟಿಕೆಟ್ ಹರಿದು ಕೊಟ್ಟರು.

ಗಾಜನೂರು ದಾಟಿ ಮುಚ್ಚಿದ ಹೆಂಚಿನ ಕಾರ್ಖಾನೆ.
ಅಲ್ಲಿ ಹನ್ನೊಂದು ಜನ ವೀರರು,
ಪೈಪಿಗೆ ಹಾಸಿಗೆಯ ಫೋಮು ಸುತ್ತಿದ ಕತ್ತಿಗಳು,
ಗುರಾಣಿಯ ಹಿಂದೆ ಇನ್ನೂ ಎಣ್ಣೆ ಕಂಪನಿಯ ಹೆಸರು.
ನಿಯಮ: ರಾಕ್ಷಸಿ ಮಾತಾಡುವಂತಿಲ್ಲ.
ಮೂರು ಪೆಟ್ಟಿಗೆ ಸಾಯಬೇಕು.
ಸತ್ತು ಇನ್ನೂರು ಎಣಿಸಿ
ಮತ್ತೆ ಏಳಬೇಕು.

ಗೂಡಿನ ಹಿಂದಿನಿಂದ ಹೊರಗೆ ಬಂದಾಗ
ಮುಂದಿದ್ದ ಇಬ್ಬರು ನಿಜಕ್ಕೂ ಓಡಿದರು.
ಅಷ್ಟು ಸಾಕಿತ್ತು ನನಗೆ,
ಕಚೇರಿಯ ಕಿಟಕಿಯಾಚೆಯಿಂದ ದಿನವೂ
ನನ್ನನ್ನೇ ಬೆದರಿಸುತ್ತಿದ್ದವರು ಎಷ್ಟು ಮಂದಿ!
ಗುರ್ ಎಂದೆ. ಕಾರ್ಖಾನೆಯೂ ಗುರ್ ಎಂದಿತು.

ಮೆಡಿಕಲ್ ಶಾಪಿನ ಫಯಾಜ್ ಮಾತ್ರ ಓಡಲಿಲ್ಲ.
ಹೆಗಲಿಗೆ, ಸೊಂಟಕ್ಕೆ, ಹೊಟ್ಟೆಗೆ,
‘ಸಾರಿ’ ಎನ್ನುತ್ತಲೇ ಮೂರೂ ಹೊಡೆದ.
ಬಿದ್ದೆ.

ನಲವತ್ತು ಎಣಿಸುವಷ್ಟರಲ್ಲಿ ಬಂದವು.
ಮೊದಲು ಒಂದು, ಕಿವಿಯ ಹತ್ತಿರ,
ಸುದ್ದಿ ಮುಟ್ಟಿಸಲು ವಾಪಸು ಹೋಯಿತು.
ಆಮೇಲೆ ಸಾಲು.
ಹಣೆಯ ಗಾಯದ ಸುತ್ತ ಇರುವೆಗಳ ಸಂತೆ.
ಅರವತ್ತೆರಡು. ಅರವತ್ತ್ಮೂರು.
ಸತ್ತವರು ತುರಿಸಿಕೊಳ್ಳುವ ಹಾಗಿಲ್ಲ.

ಯುದ್ಧ ಅತ್ತ ದೂರ ಸರಿದಿತ್ತು.
ಹೆಜ್ಜೆ ಸಪ್ಪಳ. ಒಂದೇ ಕಣ್ಣು ತೆರೆದು ನೋಡಿದೆ:
ಕೊಂದವನು ಕುಕ್ಕರಗಾಲಲ್ಲಿ ಕೂತು
ಕರ್ಚೀಫಿನ ತುದಿಯಿಂದ ಇರುವೆ ಒರೆಸುತ್ತಿದ್ದ,
ಗಾಯ ಅಳಿಸದ ಹಾಗೆ.
‘ಎಷ್ಟಾಯ್ತು?’
ಹೇಳುವಂತಿಲ್ಲ.
‘ನೂರಾ ನಲವತ್ತಾ?’ ಎಂದ. ‘ನೂರಾ ಎಂಬತ್ತು,
ನೂರಾ ತೊಂಬತ್ತೊಂಬತ್ತು, ಆಯ್ತು, ಏಳಿ.’

ಮೋಸ.
ನಾನು ಸತ್ತೇ ಇದ್ದೆ,
ತುಟಿಯವರೆಗೆ ಇಳಿದಿದ್ದ ಬೆಲ್ಲ ನೆಕ್ಕುತ್ತ.