ಬಾಕಿ ಚಿಲ್ಲರೆ

ಬೇಕರಿ ಪಫ್ಸು ತಿಂದಿದ್ದಾಳೆ, ಅಷ್ಟೇ, ಅಂದಿದ್ದು ನಾನೇ.
ಓಮಕಾಳು ಅರೆದು ಬಿಸಿನೀರಲ್ಲಿ ಕುಡಿಸಿ
ಐದೂವರೆಗೆ ಯಲಹಂಕ ಡಿಪೋಗೆ ಹೊರಟಿದ್ದೂ ನಾನೇ.
ಇಂಚರ ಬಲಗಾಲು ಮಡಚಿಕೊಂಡು
ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಮಧ್ಯಾಹ್ನ ಅಪೆಂಡಿಕ್ಸು ಒಡೆದಿದೆ ಅಂದರು.
ಕೊಯ್ದರು, ತೊಳೆದರು, ಹೊಲಿದರು.
ಬಾಟ್ಲಿಯಲ್ಲಿ ತೋರಿಸಿದರು: ಕಿರುಬೆರಳಷ್ಟು.
ಇಷ್ಟಕ್ಕಾ, ಅನ್ನಿಸಿ ನನಗೆ ನಗು ಬಂತು.
ಅವಳಪ್ಪ ವಾರ್ಡಿನ ಹೊರಗೆ ಸಿಕ್ಕವರಿಗೆಲ್ಲ
ಬಾಳೆಹಣ್ಣು ಹಂಚಿದ.

ಮೂರನೇ ರಾತ್ರಿ
ಜ್ವರ ಇಳಿಯಿತು, ಎದೆ ಇಳಿಯಲಿಲ್ಲ.
ನೂರ ಅರವತ್ತು, ನೂರ ಎಪ್ಪತ್ತು,
ಹೆಬ್ಬಾಳದ ಫ್ಲೈಓವರ್ ಇಳಿಜಾರಲ್ಲಿ
ಬ್ರೇಕಿಗೆ ಜಗ್ಗದ ಗಾಡಿ.
ಪಾದ ಮುಟ್ಟಿದರೆ ತಣ್ಣಗೆ.
ಸಿಸ್ಟರ್ ಫಿಲೋಮಿನಾ ಎರಡು ಸಲ ಎಣಿಸಿದರು,
ಮೂರನೇ ಸಲ ಎಣಿಸದೆ ಓಡಿದರು.

ಕತ್ತಲ ಕೋಣೆ. ಪಕ್ಕೆಲುಬಿನ ಮೇಲೆ ಜೆಲ್ಲು.
ಪರದೆಯಲ್ಲಿ ಬೂದುಬಣ್ಣದ ಒಂದು ಮುಷ್ಟಿ,
ಒದ್ದೆ ಬಟ್ಟೆ ಹಿಂಡಲು ಹೋಗಿ
ಅರ್ಧಕ್ಕೇ ಸೋಲುತ್ತಿದೆ.
ಡಾಕ್ಟರಮ್ಮ ಕಾಗದಕ್ಕೆ ತಡಕಾಡಿದರು.
ನನ್ನ ಜೇಬಲ್ಲಿ ಯಾರೋ ಬಿಟ್ಟು ಹೋದ ಪಿಂಕ್ ಟಿಕೆಟ್ಟು,
ಹೆಂಗಸರ ಸೊನ್ನೆ ಟಿಕೆಟ್ಟು.
ಅದರ ಬೆನ್ನಿಗೇ ಬರೆದರು: ಮೂವತ್ತೆರಡು.
ಅರವತ್ತಾದರೂ ಇರಬೇಕಿತ್ತಂತೆ.
ಸೊನ್ನೆ ಟಿಕೆಟ್ಟಿಗೆ ಬಾಕಿ ಬರೆದದ್ದು
ನಾನು ನೋಡಿದ್ದು ಅದೇ ಮೊದಲು.

ಹೊಟ್ಟೆಯ ನಂಜೋ, ನಂಜಿನ ಮೇಲೆ ಸಿಟ್ಟಾದ ಮೈಯೋ,
ಹೃದಯದ ಮಾಂಸ ಊದಿಕೊಂಡಿದೆ, ಅಂದರು.
ಮಕ್ಕಳಲ್ಲಿ ಹೀಗಾಗೋದು ತುಂಬಾ ಅಪರೂಪ.

ಅಪರೂಪ.
ನಮ್ಮ ಮನೆಯಲ್ಲಿ ಅದನ್ನು ನೆಂಟರಿಗೆ ಹೇಳುತ್ತೇವೆ.
ಅಪರೂಪಕ್ಕೆ ಬಂದಿರಿ, ಕೂತ್ಕೊಳ್ಳಿ, ಕಾಫಿ ಕುಡಿದೇ ಹೋಗಿ.
ಇದನ್ನು ಯಾರು ಕರೆದರು?
ತೊಂಬತ್ತು ಜನ ತುರುಕಿದ ಬಸ್ಸಲ್ಲಿ
ಚೆಕಿಂಗ್‌ನವನ ಕೈ ನೇರ
ನನ್ನ ಮಗುವಿನ ಭುಜದ ಮೇಲೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ,
ಅಂದರು ನಮ್ಮತ್ತೆ ಫೋನಲ್ಲಿ, ಬಿಕ್ಕುತ್ತಾ.
ಆ ಗಾದೆಗೆ ಅಳಬಹುದು ಅಂತ ಗೊತ್ತಿರಲಿಲ್ಲ.

ದಿನಕ್ಕೆ ಇನ್ನೂರು ಸಲ ಹೇಳುತ್ತೇನೆ:
ಚಿಲ್ಲರೆ ಇಳಿಯುವಾಗ ಇಸ್ಕೊಳ್ಳಿ.
ಎಷ್ಟೋ ಜನ ಮರೆತು ಇಳಿಯುತ್ತಾರೆ.
ಕೆಲವು ಸಲ ನಾನೂ ಕೂಗಿ ಕರೆಯುವುದಿಲ್ಲ.
ಆ ಎಂಟು ದಿನ ಐಸಿಯು ಬಾಗಿಲ ಚಪ್ಪಲಿ ರಾಶಿಯ ಪಕ್ಕ
ಅಂಥ ಒಂದೊಂದು ರೂಪಾಯಿಯೂ ನೆನಪಾಯಿತು.
ಟಿಕೆಟ್ಟು ಹಿಡಿದು ಕೂತೆ.
ಇಳಿಯಲಿಲ್ಲ.

ಮೂವತ್ತೈದು.
ಅದನ್ನು ಹೊಡೆದು ಮೂವತ್ತನಾಲ್ಕು.
ನಲವತ್ತೊಂದು, ಬೇರೆ ಯಾರದೋ ಕೈಬರಹ.
ಮನೆಗೆ ಕಳಿಸಿದ ದಿನ ನಲವತ್ತೊಂಬತ್ತು.

ಮುಂದಿನ ತಿಂಗಳು ಮತ್ತೆ ಎಕೋ.
ಅಲ್ಲಿವರೆಗೆ ಓಡುವಂತಿಲ್ಲ, ಪಿಟಿ ಪೀರಿಯಡ್ಡೂ ಇಲ್ಲ.
ಇಂಚರಳಿಗೆ ಕೋಪ:
ನೋವು ಬಂದಿದ್ದು ಹೊಟ್ಟೇಲಿ ತಾನೆ,
ಖೋಖೋ ಯಾಕೆ ಬೇಡ?
ಊಟಕ್ಕೆ ಬಾ, ಅನ್ನುತ್ತೇನೆ.

ಅವಳು ಮಲಗಿದ ಮೇಲೆ ಮಣಿಕಟ್ಟು ಹಿಡಿದು
ಗೋಡೆ ಗಡಿಯಾರ ನೋಡುತ್ತಾ ಎಣಿಸುತ್ತೇನೆ.
ಎಂಬತ್ತಾರು. ಇನ್ನೊಂದು ಸಲ. ಎಂಬತ್ತೆಂಟು.
ಕೋಗಿಲು ಕ್ರಾಸಿನಲ್ಲಿ ಕೊನೆಯ ಬಸ್ಸು ಗೇರು ಬದಲಿಸುತ್ತದೆ.

ಟಿಕೆಟ್ಟಿನ ಮುಂಭಾಗದ ಅಚ್ಚು ಪೂರಾ ಮಾಸಿದೆ,
ಎಲ್ಲಿಂದ, ಎಲ್ಲಿಗೆ, ಓದಲಾಗುವುದಿಲ್ಲ.
ಬೆನ್ನಿನ ಅಂಕಿಗಳು ಹಾಗೇ ಇವೆ.
ಕೆಳಗೆ ಇನ್ನೂ
ಕಿರುಬೆರಳಷ್ಟು ಜಾಗ.