ಉಪಸಂಹಾರ ಎಲ್ಲಿ?

ಕಾಲಿಮ್ನೋಸ್ ದ್ವೀಪದ ಶಾಲೆ. ಸ್ಟಮಾಟಿಸನ ಪ್ರಬಂಧ
ನನ್ನ ಕೆಂಪು ಶಾಯಿಗೆ ಕಾದಿದೆ.

‘ಗುರು ಅಂದ: ಕಾವ್ಯ ನಕಲಿನ ನಕಲು,
ಕವಿಯನ್ನು ಊರಾಚೆ ಅಟ್ಟಿ.
ಶಿಷ್ಯ ಅಂದ: ಇರಲಿ ಬಿಡಿ,
ಅತ್ತರೆ ಎದೆ ತೊಳೆದೀತು.’

ಇಲ್ಲಿಯವರೆಗೆ ಸರಿ, ಪಾಠದಲ್ಲಿದ್ದದ್ದೇ.
ಆಮೇಲೆ ಹುಡುಗ ದಾರಿ ಬಿಟ್ಟಿದ್ದಾನೆ:

‘ಸ್ಪಂಜು ಕೀಳಲು ಮುಳುಗಿದ ಅಪ್ಪ ಏಳಲಿಲ್ಲ.
ಕಡಲು ಕೈಹಿಡಿದು ಕರೆದೊಯ್ದಿತೆಂದು
ಅಜ್ಜಿ ಸೆವಸ್ತಿ ಹಾಡಿಕೊಂಡು ಅತ್ತಳು.
ಕಡಲಿಗೆಲ್ಲಿಯ ಕೈ? ಗುರು ಗೆದ್ದ.
ಆದರೆ ಮೂರು ದಿನ ನೀರೂ ಮುಟ್ಟದ ಅಮ್ಮ
ಆ ಸುಳ್ಳು ಕೇಳಿ ರೊಟ್ಟಿ ಮುರಿದಳು.
ಶಿಷ್ಯ ಗೆದ್ದ.
ಅಜ್ಜಿ ಮಾತ್ರ ಈಗಲೂ
ಅರ್ಧ ತಟ್ಟೆಗೆ ಏಳುತ್ತಾಳೆ.
ಹಾಡಿದವಳ ಎದೆ
ತೊಳೆಯಬೇಕಾದವರು ಯಾರು?’

ಅಷ್ಟೇ. ಮುಂದೆ ಬಿಳಿ ಹಾಳೆ.
‘ಉಪಸಂಹಾರ ಎಲ್ಲಿ’ ಎಂದು ಅಂಚಿನಲ್ಲಿ ಗೀಚಿ,
ಹೊಡೆದುಹಾಕಿ,
ಅಂಕದ ಜಾಗ ಖಾಲಿ ಬಿಟ್ಟು
ಮುಂದಿನವಳ ಪ್ರಬಂಧ ಎಳೆದುಕೊಂಡೆ.