ತಕ್ಕೆ ತ ಒತ್ತು

ಕೈಲ್ ಪೊಳ್ದ್ ಮುಗಿದು ಎರಡೇ ದಿನ.
ವಿರಾಜಪೇಟೆಯ ಸಭಾಭವನದ ಜಗಲಿಯಲ್ಲಿ ನೀರಿಳಿಯುವ ಕೊಡೆಗಳು,
ಒಳಗೆ ಹನ್ನೊಂದು ಹಾರ, ಹನ್ನೊಂದು ಶಾಲು,
ಹನ್ನೊಂದು ಬುಟ್ಟಿಗಳಲ್ಲಿ ಒಂದೇ ಅಳತೆಯ ಸೇಬು.
ನಾನು ಸಿ.ಆರ್.ಪಿ. ತಾಲೂಕಿನ ಶಿಕ್ಷಣ ವಾರ್ತೆ ಬರೆಯುವುದು
ಯಾರೂ ಒಪ್ಪದೆ ನನ್ನ ಪಾಲಿಗೆ ಬಿದ್ದ ಕೆಲಸ:
ಎರಡು ಪುಟ, ಪ್ರಶಸ್ತಿ ಬಂದವರಿಗೆ ತಲಾ ಆರು ಸಾಲು,
ಫೋಟೋ ಇದ್ದರೆ ನಾಲ್ಕು.

ಬೊಳ್ಳವ್ವ ಟೀಚರದು ಫೋಟೋ ಇತ್ತು.
ಹಾಗಾಗಿ ನಾಲ್ಕರಲ್ಲಿ ಮುಗಿಸಿದ್ದೆ:
ಸೇವೆ ಇಪ್ಪತ್ತೇಳು ವರ್ಷ. ಮಾಲ್ದಾರೆ ಕಡೆಯ ಒಂದೇ ಶಾಲೆ.
ದಾಖಲಾತಿ ನಲವತ್ತೊಂದು. ಕೈತೋಟ ಇದೆ. ಶೌಚಾಲಯ ಇದೆ.
ಬಿಟ್ಟುಹೋದದ್ದು:
ಆನೆ ದಾರಿಗೆ ಅಡ್ಡ ನಿಂತ ಬೆಳಿಗ್ಗೆ
ಲೈನುಮನೆಯ ಮಕ್ಕಳು ಫಾರೆಸ್ಟಿನವರಿಗಿಂತ ಮೊದಲು
ಟೀಚರಿಗೆ ಫೋನು ಮಾಡುತ್ತವೆ.
"ಸರಿ, ಅದು ಹೋಗುವ ತನಕ ಹದಿಮೂರರ ಮಗ್ಗಿ" ಅನ್ನುತ್ತಾರೆ ಅವರು.
ಹಾಜರಿ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನ ಇನ್ನೊಂದು ಹಾಜರಿ:
ಯಾವ ಮಗು ಯಾವ ತೋಟದಲ್ಲಿ, ಯಾರ ಜೊತೆ,
ವಾಪಸು ಯಾವಾಗ.

ಹೆಸರು ಕೂಗಿದರು.
ಹಿಂದೆ ನಿರಿಗೆಯಿಟ್ಟು ಉಟ್ಟ ಸೀರೆಯಲ್ಲಿ ಮೆಟ್ಟಿಲು ಹತ್ತಿದರು.
ಶಾಲು ಹೊದ್ದರು, ಬುಟ್ಟಿ ಹಿಡಿದರು,
ಪ್ರಮಾಣಪತ್ರ ಕೈಗೆ ಬಂದಾಗ ಕ್ಯಾಮೆರಾ ನೋಡುವುದು ಬಿಟ್ಟು
ಓದಿದರು.
ವೇದಿಕೆಯ ಮೇಲೆ ಅದನ್ನು ಓದಿದವರನ್ನು ನಾನು ಕಂಡಿರಲಿಲ್ಲ.

ಬಂಗಾರದ ದಪ್ಪಕ್ಷರ: ಉತಮ ಶಿಕ್ಷಕಿ.

ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು
ಸೇಬಿನ ಬುಟ್ಟಿಯ ಮೇಲೆ ಕಾಗದ ಊರಿ
ಅಲುಗುವ ಮೇಜಿನ ಕಾಲಿಗೆ ರಟ್ಟು ಮಡಿಸಿ ಇಡುವ ಹಾಗೆ
ತ ಕೆಳಗೆ ಒತ್ತು ಇಟ್ಟರು.
"ಈಗ ತೆಗಿ" ಅಂದರು ಫೋಟೋದವನಿಗೆ.
ಸಭೆ ನಕ್ಕಿತು. ಬಿ.ಇ.ಓ. ಸಾಹೇಬರು ನಗಲಿಲ್ಲ,
ನನ್ನ ಕಿವಿಯಲ್ಲಿ ಕೇಳಿದರು: "ಯಾವ ಪ್ರೆಸ್ಸು?"

ಸಿದ್ದಾಪುರ, ಬಸ್‌ ನಿಲ್ದಾಣದ ಹಿಂದೆ, ಜೆರಾಕ್ಸ್ ಅಂಗಡಿ.
ಬೈಯಲು ಹೊರಟ ನನ್ನ ಬಸ್ಸಿನಲ್ಲೇ ಟೀಚರೂ ಇದ್ದರು,
ಅದು ಅವರ ಊರಿನ ದಾರಿ.
ಕಂಪ್ಯೂಟರಿನ ಮುಂದಿದ್ದ ಹುಡುಗ ಎದ್ದ ರಭಸಕ್ಕೆ
ಕುರ್ಚಿ ಮಗುಚಿತು.
"ಕುಳಿಯ, ನೀನಾ?"
ಅವನು ನೆಲ ನೋಡಿದ. "ಕೆಂಪು ಗೆರೆ ಬೀಳಲಿಲ್ಲ ಟೀಚರ್,
ಬಿದ್ದಿದ್ದರೆ ನೋಡುತ್ತಿದ್ದೆ."

ಅವರು ಮಾತಾಡಿದ್ದು ನನ್ನ ಕಡೆ ತಿರುಗಿ,
ತಪ್ಪೊಪ್ಪಿಗೆ ಬರೆಸುವವರ ಹಾಗೆ, ನಿಧಾನ:
"ಎರಡನೇ ಕ್ಲಾಸು. ಡಿಸೆಂಬರು. ನಾನು ಒತ್ತಕ್ಷರ ಶುರು ಮಾಡಿದೆ,
ಇವನು ಅವ್ವನ ಜೊತೆ ಕಾಫಿ ಕುಯ್ಲಿಗೆ ಹೋದ.
ಫೆಬ್ರವರಿಯಲ್ಲಿ ಬಂದ, ಬೆರಳೆಲ್ಲ ಕರೆ.
ಅಷ್ಟರಲ್ಲಿ ನಾನು ವಾಕ್ಯಕ್ಕೆ ಹೋಗಿಬಿಟ್ಟಿದ್ದೆ.
ತಿರುಗಿ ನೋಡಿದ್ದೇನೆ ಅಂದುಕೊಂಡಿದ್ದೆ.
ಬರೆದುಕೊಳ್ಳಿ, ತಪ್ಪು ನನ್ನ ಲೆಕ್ಕಕ್ಕೆ."

ನಾನು ಬರೆದುಕೊಳ್ಳಲಿಲ್ಲ.
ಅವರೇ ಕುರ್ಚಿ ಎತ್ತಿ ಕೂತರು. ಬಿಲ್ಲಿನ ಹಿಂದೆ
ಕಕ್ಕೆ ಕ ಒತ್ತು, ಅಕ್ಕ. ತಕ್ಕೆ ತ ಒತ್ತು, ಅತ್ತೆ.
ಜೆರಾಕ್ಸಿಗೆ ಬಂದವರು ಆಧಾರ್ ಕಾರ್ಡು ಹಿಡಿದು ಕಾದರು.
ಬಾಳೆಲೆಯ ಕಡೆಯ ಬಸ್ಸು ಹೋಯಿತು.
ಕೊನೆಗೆ ಕುಳಿಯನಿಗೆ ಬುಟ್ಟಿಯಿಂದ ಒಂದು ಸೇಬು, ನನಗೂ ಒಂದು.

ವಾರ್ತೆಯ ಪುಟ ಜೋಡಿಸುವಾಗ ಅವನೇ ಕೇಳಿದ:
"ಸಾರ್, ಫೋಟೋ ತೆಗೆದರೆ ಎರಡು ಸಾಲು ಸಿಗುತ್ತದಲ್ಲ?"
ಸಿಕ್ಕಿತು. ಅಲ್ಲಿ ಹೀಗಿದೆ:
ಸದರಿ ಶಾಲೆಯಲ್ಲಿ ಈ ವರ್ಷದಿಂದ ಒತ್ತಕ್ಷರಗಳನ್ನು
ಕಾಫಿ ಹಣ್ಣಾಗುವ ಮೊದಲೇ ಕಲಿಸಲಾಗುವುದು.
ಮೂರು ಸಲ ಓದಿ ನೋಡಿದ ಅವನು. ಒಂದೂ ಬಿಟ್ಟಿರಲಿಲ್ಲ.

ಉಳಿದ ಹತ್ತು ಮಂದಿ ಗಾಜು ಹಾಕಿಸಿ
ಗೋಡೆಗೆ ತೂಗಿದ್ದಾರೆ.
ಶಾಲೆ ಭೇಟಿಯ ಮೇಲೆ ಹೋದಾಗ ಕಾಫಿ ಹೀರುತ್ತ
ತಲೆಯೆತ್ತಿ ಓದಿಕೊಳ್ಳುತ್ತೇನೆ: ಉತಮ, ಉತಮ.
ಹೇಳುವುದಿಲ್ಲ.
ಜೇಬಿನಲ್ಲಿ ಕೆಂಪು ಪೆನ್ನು ಮಾತ್ರ
ಈಚೆಗೆ ಇಟ್ಟುಕೊಳ್ಳುತ್ತಿದ್ದೇನೆ.